ವಿಮಾನಕ್ಕೆ ಮೊದಲು ಹತ್ತಲು ಹೆಚ್ಚು ಹಣ ತೆರಬೇಕೇ?

ಪ್ರಶ್ನೆ: ನಾವು ಪೊನ್ನಂಪೇಟೆ ಬಳಿಯ ಕಾಫಿ ಬೆಳೆಗಾರರು. ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ನನ್ನ ತಮ್ಮನ ಮಗನ ಮದುವೆಯಿದೆ. ನಾನು, ನನ್ನ ಹೆಂಡತಿ, 74 ವರ್ಷದ ನನ್ನ ತಾಯಿ ಮತ್ತು 5 ವರ್ಷದ ಮೊಮ್ಮಗಳು ಬೆಂಗಳೂರಿನಿಂದ ವಿಮಾನದಲ್ಲಿ ಹೋಗಬೇಕೆಂದಿದ್ದೇವೆ. ತಾಯಿಗೆ ಎರಡು ವರ್ಷದ ಹಿಂದೆ ಮೊಣಕಾಲಿನ ಕೀಲು ಬದಲಾಯಿಸಿದ್ದಾರೆ. ಟಿಕೆಟ್ ತೆಗೆಯುವಾಗ, ತಲೆಗೆ ₹400 ಕೊಟ್ಟರೆ ಎಲ್ಲರಿಗಿಂತ ಮೊದಲು ಹತ್ತಬಹುದು ಎಂದು ಮೊಬೈಲ್‌ನಲ್ಲಿ ತೋರಿಸಿತು. ಹೋಗಿ ಬರಲು ನಾಲ್ವರಿಗೆ ₹3,200 ಆಗುತ್ತದೆ. ಹೋದ ವರ್ಷ ಒಮ್ಮೆ ಪ್ರಯಾಣ ಮಾಡಿದಾಗ ನಾವು ಕೊನೆಯಲ್ಲಿ ಹತ್ತಿದ್ದರಿಂದ, ಮೇಲೆ ಜಾಗವಿಲ್ಲವೆಂದು ತಾಯಿಯ ಮಾತ್ರೆಗಳಿದ್ದ ಬ್ಯಾಗನ್ನೇ ತೆಗೆದುಕೊಂಡು ವಿಮಾನದ ಕೆಳಗಿನ ಸಾಮಾನು ಭಾಗಕ್ಕೆ ಹಾಕಿದರು. ಇಳಿದ ಮೇಲೆ ಸಾಮಾನು ಬರುವ ಬೆಲ್ಟ್ ಹತ್ತಿರ ಮುಕ್ಕಾಲು ಗಂಟೆ ಕಾದೆವು. ಈ ಸಲ ಹಣ ಕೊಟ್ಟುಬಿಡುವುದೇ ಒಳ್ಳೆಯದೇ? ಕೊಡದಿದ್ದರೆ ಸೀಟು ತಪ್ಪುವ ಭಯವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಪ್ರಶ್ನೆಯಿದ್ದಂತೆ ಕಂಡರೂ ಅದರೊಳಗೆ ನಾಲ್ಕು ಬೇರೆ ಬೇರೆ ಆತಂಕಗಳಿವೆ. ಸೀಟು ತಪ್ಪೀತೇ ಎಂಬುದು ಒಂದು, ಬ್ಯಾಗ್ ಕೈತಪ್ಪೀತೇ ಎಂಬುದು ಇನ್ನೊಂದು, ತಾಯಿಯವರಿಗೆ ನಿಂತು ಕಾಲು ನೋಯುತ್ತದೆಯೇ ಎಂಬುದು ಮೂರನೆಯದು, ಇಳಿದ ಮೇಲೆ ತಡವಾಗುತ್ತದೆಯೇ ಎಂಬುದು ನಾಲ್ಕನೆಯದು. ₹3,200 ಕೊಟ್ಟರೆ ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ಸ್ವಲ್ಪಮಟ್ಟಿನ ಪರಿಹಾರ ಸಿಗುತ್ತದೆ. ಉಳಿದ ಮೂರಕ್ಕೂ ಬೇರೆ ದಾರಿಗಳಿವೆ, ಅವುಗಳಲ್ಲಿ ಹೆಚ್ಚಿನವು ಉಚಿತ. ಮಡಿಕೇರಿಗೆ ಮರಳುವ ಮೊದಲು ವಿಮಾನ ನಿಲ್ದಾಣಗಳ ನೆಲದ ಕೆಲಸದಲ್ಲಿ, ಅದರಲ್ಲೂ ಬಹುಪಾಲು ಗೇಟಿನ ಬಳಿಯೇ, ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದೇನೆ. ಅಲ್ಲಿ ಕಂಡದ್ದನ್ನೇ ಆಧಾರವಾಗಿಟ್ಟುಕೊಂಡು ಹೇಳುತ್ತೇನೆ.

ಮೊದಲು ಸೀಟಿನ ವಿಷಯ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಚೆಕ್-ಇನ್ ಆದೊಡನೆ ನಿಮ್ಮ ಬೋರ್ಡಿಂಗ್ ಪಾಸಿನ ಮೇಲೆ ಸೀಟಿನ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲು ಹತ್ತಿದವರಿಗೂ ಕೊನೆಗೆ ಹತ್ತಿದವರಿಗೂ ಅದೇ ಸೀಟು. ಮೊದಲು ಹೋದವರಿಗೆ ಕಿಟಕಿ ಎಂಬ ನಂಬಿಕೆಗೆ ಮೂಲವಿಲ್ಲದಿಲ್ಲ. 2003ರಲ್ಲಿ ನಮ್ಮ ಕರ್ನಾಟಕದಿಂದಲೇ ಹೊರಟ ಏರ್ ಡೆಕ್ಕನ್‌ನಲ್ಲಿ ಸೀಟು ಸಂಖ್ಯೆಯಿಲ್ಲದೆ, ಬಸ್ಸಿನಲ್ಲಿ ಟವೆಲ್ ಹಾಕಿ ಜಾಗ ಹಿಡಿಯುವಂತೆ, ಹತ್ತಿದವರು ಹತ್ತಿದ ಹಾಗೆ ಕೂರುವ ಪದ್ಧತಿಯಿತ್ತು. ಆ ದಿನಗಳಲ್ಲಿ ಪ್ರಯಾಣ ಮಾಡಿದ ಅನೇಕರ ಮನಸ್ಸಿನಲ್ಲಿ ಆ ಧಾವಂತ ಹಾಗೆಯೇ ಉಳಿದಿದೆ. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯಲ್ಲೂ ದಶಕಗಳ ಕಾಲ ಇದೇ ಪದ್ಧತಿಯಿದ್ದು, ಬೇಗ ಹತ್ತುವ ಸರದಿಯನ್ನು ಅವರು 2009ರಿಂದ ಹಣಕ್ಕೆ ಮಾರಲಾರಂಭಿಸಿದರು. ಅಲ್ಲಿ ಆ ಹಣಕ್ಕೆ ನಿಜವಾದ ಅರ್ಥವಿತ್ತು, ಏಕೆಂದರೆ ಸರದಿಯೇ ಸೀಟನ್ನು ನಿರ್ಧರಿಸುತ್ತಿತ್ತು. ನಮ್ಮಲ್ಲಿ ಆ ಸ್ಥಿತಿ ಇಲ್ಲ.

ಸಂಸ್ಥೆಯವರು ಸೀಟುಗಳಿಗಿಂತ ಹೆಚ್ಚು ಟಿಕೆಟ್ ಮಾರಿದಾಗ ಕೆಲವರನ್ನು ಬಿಟ್ಟು ಹೋಗುವುದುಂಟು ಎಂಬುದನ್ನು ನೀವು ಕೇಳಿರಬಹುದು. ಆದರೆ ಆ ತೀರ್ಮಾನ ಬಹುಮಟ್ಟಿಗೆ ಚೆಕ್-ಇನ್ ಹಂತದಲ್ಲಿಯೇ ಆಗುತ್ತದೆ. ಗೇಟಿನ ಸಾಲಿನಲ್ಲಿ ನೀವು ಎಷ್ಟನೆಯವರು ಎಂಬುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಹಾಗೆ ಬಿಟ್ಟುಹೋದರೂ, ಮೊದಲು ಸ್ವಇಚ್ಛೆಯಿಂದ ಬಿಟ್ಟುಕೊಡುವವರನ್ನು ಕೇಳಬೇಕು, ಅನಂತರ ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಡಲಾಗದಿದ್ದರೆ ಪರಿಹಾರ ತೆರಬೇಕು ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ನಿಯಮ ಮಾಡಿದೆ. ಬದಲಿ ವಿಮಾನ 24 ಗಂಟೆಯೊಳಗಿನದಾದರೆ ಆ ಪರಿಹಾರ ₹10,000ದವರೆಗೆ, ಅದಕ್ಕೂ ತಡವಾದರೆ ₹20,000ದವರೆಗೆ ಇರುತ್ತದೆ. ಈ ಭಯಕ್ಕೆ ಸರಿಯಾದ ಉಪಾಯ ವೆಬ್ ಚೆಕ್-ಇನ್ ಬೇಗ ಮುಗಿಸಿಕೊಳ್ಳುವುದು, ಅದಕ್ಕೆ ಖರ್ಚಿಲ್ಲ.

ಹಾಗಾದರೆ ಆ ₹400ಕ್ಕೆ ಅವರು ಮಾರುತ್ತಿರುವುದಾದರೂ ಏನನ್ನು? ಸಮಯವನ್ನಂತೂ ಅಲ್ಲ. ಬಾಗಿಲು ಎಲ್ಲರಿಗೂ ಒಂದೇ ಸಲ ಮುಚ್ಚುತ್ತದೆ, ದೆಹಲಿಯೂ ಎಲ್ಲರಿಗೂ ಒಂದೇ ಸಲ ಬರುತ್ತದೆ. ಮಾರುತ್ತಿರುವುದು ತಲೆಯ ಮೇಲಿನ ಸಾಮಾನು ಖಾನೆಯ ಜಾಗವನ್ನು. ಬೆಂಗಳೂರು–ದೆಹಲಿ ನಡುವೆ ಹೆಚ್ಚಾಗಿ ಓಡುವ ಏರ್‌ಬಸ್ ಎ320 ಮಾದರಿಯ ವಿಮಾನದಲ್ಲಿ 180ರ ಆಸುಪಾಸಿನ ಸೀಟುಗಳಿರುತ್ತವೆ. ಪ್ರತಿಯೊಬ್ಬರಿಗೂ 7 ಕಿಲೋದ ಒಂದು ಬ್ಯಾಗ್ ಒಳಗೆ ಒಯ್ಯಲು ಅವಕಾಶವಿದೆ. ಅಷ್ಟೂ ಜನ ಚಕ್ರದ ಗಟ್ಟಿ ಪೆಟ್ಟಿಗೆಯನ್ನೇ ತಂದರೆ, ಹಳೆಯ ಮಾದರಿಯ ಖಾನೆಗಳಲ್ಲಿ ಅವೆಲ್ಲ ಹಿಡಿಸುವುದಿಲ್ಲ. ಹೊಸ ವಿಮಾನಗಳಲ್ಲಿ ಪೆಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿಡುವಷ್ಟು ಆಳವಾದ ಖಾನೆಗಳು ಬಂದಿವೆಯಾದರೂ, ನಿಮಗೆ ಯಾವ ವಿಮಾನ ಬರುತ್ತದೆಂದು ಟಿಕೆಟ್ ತೆಗೆಯುವಾಗ ಖಚಿತವಾಗಿ ಹೇಳಲಾಗದು.

ಈ ಜಾಗಕ್ಕೆ ಇಷ್ಟು ಬೆಲೆ ಬಂದದ್ದು ಹೇಗೆಂದರೆ, 2008ರಲ್ಲಿ ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ಕೆಳಗೆ ಹಾಕುವ ಮೊದಲ ಪೆಟ್ಟಿಗೆಗೇ ದರ ವಿಧಿಸತೊಡಗಿದವು. ಹಣ ಉಳಿಸಲು ಜನ ಎಲ್ಲವನ್ನೂ ಕೈಯಲ್ಲೇ ಹಿಡಿದು ಒಳಗೆ ಬರತೊಡಗಿದರು, ಖಾನೆಗಳು ತುಂಬಿದವು, ಮೊದಲು ಬಂದವರಿಗೆ ಜಾಗ ಎಂಬಂತಾಯಿತು, ಆ ಬಳಿಕ ಮೊದಲು ಬರುವ ಹಕ್ಕೂ ಮಾರಾಟದ ಸರಕಾಯಿತು. ಯುರೋಪಿನ ರಯನ್‌ಏರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆದ್ಯತೆಯ ಟಿಕೆಟ್ ಇದ್ದವರಿಗೆ ಮಾತ್ರ ಚಕ್ರದ ಪೆಟ್ಟಿಗೆಯನ್ನು ಒಳಗೆ ಬಿಡುತ್ತದೆ. ಅಲ್ಲಿ ಓದುತ್ತಿರುವ ಅಥವಾ ದುಡಿಯುತ್ತಿರುವ ಮಕ್ಕಳಿರುವ ಕೊಡಗಿನ ತಂದೆತಾಯಿಯರು ಇದನ್ನು ತಿಳಿದಿರಬೇಕು. ಅಲ್ಲಿ ಅದು ಬೇಗ ಹತ್ತುವ ಶುಲ್ಕ ಎನ್ನುವುದಕ್ಕಿಂತ ಪೆಟ್ಟಿಗೆಯ ಶುಲ್ಕವೆನ್ನುವುದೇ ಸರಿ. ನಮ್ಮ ದೇಶದೊಳಗಿನ ಸಾಮಾನ್ಯ ಟಿಕೆಟ್‌ಗಳಲ್ಲಿ ಇಂದಿಗೂ 15 ಕಿಲೋ ಸಾಮಾನನ್ನು ಕೆಳಗೆ ಹಾಕಲು ಬೇರೆ ಹಣ ಕೊಡಬೇಕಿಲ್ಲ. ಕೈಚೀಲ ಮಾತ್ರವಿರುವ ಅಗ್ಗದ ಟಿಕೆಟ್‌ಗಳೂ ಈಗ ಬಂದಿವೆ, ಹಾಗಾಗಿ ನಿಮ್ಮದು ಯಾವುದೆಂದು ಒಮ್ಮೆ ಓದಿ ನೋಡಿ. 15 ಕಿಲೋ ಸೇರಿರುವ ಟಿಕೆಟ್ ಆಗಿದ್ದರೆ, ಖಾನೆಯ ಜಾಗಕ್ಕಾಗಿ ಹೋರಾಡುವ ಅಗತ್ಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನು ಬೇಗ ಹತ್ತುವುದರಿಂದ ಬೇಗ ಕೂರುತ್ತೇವೆ ಎಂಬ ಭಾವನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಿಮಾನ ತುಂಬಲು ತಡವಾಗುವುದು ಬಾಗಿಲಿನಲ್ಲಲ್ಲ, ಸೀಟುಗಳ ನಡುವಿನ ಓಣಿಯಲ್ಲಿ. ಒಬ್ಬರು ನಿಂತು ಬ್ಯಾಗನ್ನು ಮೇಲೆತ್ತುವಾಗ ಹಿಂದಿನವರೆಲ್ಲ ನಿಲ್ಲುತ್ತಾರೆ. ಓಣಿಯ ಪಕ್ಕ ಕುಳಿತವರು ಎದ್ದು ಕಿಟಕಿಯವರಿಗೆ ದಾರಿ ಬಿಡುವಾಗ ಮತ್ತೆ ನಿಲ್ಲುತ್ತಾರೆ. ಜೇಸನ್ ಸ್ಟೆಫನ್ ಎಂಬ ಖಗೋಳ ಭೌತವಿಜ್ಞಾನಿ 2008ರಲ್ಲಿ ಇದನ್ನು ಗಣಕದಲ್ಲಿ ಲೆಕ್ಕ ಹಾಕಿ ತೋರಿಸಿದ ಸಂಗತಿಯೆಂದರೆ, ಹಿಂದಿನ ಸಾಲುಗಳ ಗುಂಪನ್ನು ಮೊದಲು ಬಿಡುವ ಪದ್ಧತಿಯೂ ನಾವಂದುಕೊಂಡಷ್ಟು ವೇಗದ್ದಲ್ಲ, ಏಕೆಂದರೆ ಒಂದೇ ಕಡೆಯ ಜನ ಒಂದೇ ಜಾಗದಲ್ಲಿ ಮುಗಿಬೀಳುತ್ತಾರೆ. ಹಣ ಕೊಟ್ಟವರನ್ನು, ಅವರ ಸೀಟು ಎಲ್ಲಿದೆ ಎಂದು ನೋಡದೆ, ಮೊದಲು ಬಿಟ್ಟಾಗ ಮುಂದಿನ ಸಾಲಿನವರು ಓಣಿಯಲ್ಲಿ ನಿಂತು ಹಿಂದಿನವರನ್ನು ತಡೆಯುವುದು ಸಹಜವಾಗಿಯೇ ಆಗುತ್ತದೆ.

ಅದಕ್ಕಿಂತ ಮುಖ್ಯವಾಗಿ ಬಸ್ಸಿನ ಸಂಗತಿಯನ್ನು ನೀವು ತಿಳಿಯಬೇಕು, ಏಕೆಂದರೆ ಇದನ್ನು ಟಿಕೆಟ್ ಮಾರುವ ಪರದೆಯಲ್ಲಿ ಯಾರೂ ಬರೆಯುವುದಿಲ್ಲ. ನಮ್ಮ ನಿಲ್ದಾಣಗಳಲ್ಲಿ ಎಷ್ಟೋ ವಿಮಾನಗಳು ಕಟ್ಟಡಕ್ಕೆ ತಾಗಿ ನಿಲ್ಲುವುದಿಲ್ಲ. ದೂರದಲ್ಲಿ ನಿಂತ ವಿಮಾನಕ್ಕೆ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಆದ್ಯತೆಯ ಹಣ ಕೊಟ್ಟವರು ಮೊದಲು ಬಸ್ಸು ಹತ್ತಿ, ಒಳಗಿರುವ ನಾಲ್ಕಾರು ಸೀಟುಗಳಲ್ಲಿ ಕುಳಿತುಕೊಳ್ಳುತ್ತಾರೆ ಅಥವಾ ಕಂಬಿ ಹಿಡಿದು ಆಚೆ ಬದಿಗೆ ಸರಿಯುತ್ತಾರೆ. ಬಸ್ಸು ತುಂಬುವವರೆಗೆ ಹೊರಡುವುದಿಲ್ಲ. ಕೊನೆಗೆ ಓಡಿಬಂದು ಬಾಗಿಲಿನ ಮೆಟ್ಟಿಲಲ್ಲಿ ನಿಂತವನು, ವಿಮಾನದ ಪಕ್ಕದಲ್ಲಿ ಬಾಗಿಲು ತೆರೆದೊಡನೆ, ಎಲ್ಲರಿಗಿಂತ ಮೊದಲು ಕೆಳಗಿಳಿದು ಏಣಿ ಹತ್ತಿರುತ್ತಾನೆ. ಹಣ ಕೊಟ್ಟ ವೃದ್ಧ ದಂಪತಿ ಒಳಗಿನಿಂದ ಜನರನ್ನು ಸರಿಸಿಕೊಂಡು ಇಳಿಯುವಷ್ಟರಲ್ಲಿ ಏಣಿಯ ಬುಡದಲ್ಲಿ ಮೂವತ್ತು ಜನರ ಸಾಲು ನಿಂತದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಅಂಥ ಹಿರಿಯರೊಬ್ಬರು ಕೈಯಲ್ಲಿದ್ದ ರಸೀದಿಯನ್ನು ನನಗೆ ತೋರಿಸಿ, ಇದಕ್ಕೇನು ಅರ್ಥ ಎಂದು ಮೆಲುದನಿಯಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ಸಂಸ್ಥೆಗಳು ಆದ್ಯತೆಯವರಿಗಾಗಿ ಬಸ್ಸಿನಲ್ಲಿ ಭಾಗ ಮಾಡಿ ಕೊಡುವುದೂ ಉಂಟು, ಆದರೆ ಅದು ಆ ದಿನದ ಸಿಬ್ಬಂದಿಯ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಬಸ್ಸಿನ ವಿಮಾನಗಳಿಗೆ ಸಾಮಾನ್ಯವಾಗಿ ಮುಂದೆ ಹಿಂದೆ ಎರಡೂ ಕಡೆ ಏಣಿ ಹಾಕುವುದರಿಂದ, ನಿಮ್ಮ ಸೀಟು ಹಿಂದಿನ ಸಾಲುಗಳಲ್ಲಿದ್ದರೆ ಹಿಂಬಾಗಿಲಿನಿಂದ ಹತ್ತಿ, ಆದ್ಯತೆಯಿಲ್ಲದೆಯೂ ಬೇಗ ಸೇರಿಕೊಳ್ಳಬಹುದು.

ಈಗ ನಿಮ್ಮ ತಾಯಿಯವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಡೀ ಪ್ರಯಾಣದಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಅವರ ಬಗ್ಗೆ. ಅವರಿಗಾಗಿ ಬೇಗ ಹತ್ತುವ ಹಕ್ಕನ್ನು ಕೊಳ್ಳಬೇಡಿ. ನಡೆಯಲು, ಮೆಟ್ಟಿಲು ಹತ್ತಲು ಕಷ್ಟವಿರುವವರಿಗೆ ಗಾಲಿಕುರ್ಚಿಯ ನೆರವನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಪ್ರಯಾಣಕ್ಕೆ 48 ಗಂಟೆ ಮೊದಲೇ ಸಂಸ್ಥೆಗೆ ತಿಳಿಸಿ, ಟಿಕೆಟ್‌ನಲ್ಲಿ ಅದು ನಮೂದಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಾಗೆ ಕೇಳಿದವರನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲು, ಹಣ ಕೊಟ್ಟವರಿಗಿಂತಲೂ ಮೊದಲು, ವಿಮಾನದೊಳಗೆ ಕರೆದೊಯ್ಯುತ್ತಾರೆ. ಜೊತೆಗೆ ಒಬ್ಬರನ್ನಾದರೂ ಬಿಡುತ್ತಾರೆ, ಆದ್ದರಿಂದ ನಿಮ್ಮ ಹೆಂಡತಿ ತಾಯಿಯವರ ಜೊತೆಗಿರಲಿ. ಏಣಿಯ ಮೆಟ್ಟಿಲು ಹತ್ತಲು ಆಗುವುದೇ ಇಲ್ಲ ಎಂದಾದರೆ ಅದನ್ನೂ ಮೊದಲೇ ಸ್ಪಷ್ಟವಾಗಿ ಹೇಳಿ, ಏಕೆಂದರೆ ದೂರ ನಡೆಯಲಾಗದವರಿಗೂ ಮೆಟ್ಟಿಲೇ ಹತ್ತಲಾಗದವರಿಗೂ ಮಾಡುವ ಏರ್ಪಾಡು ಬೇರೆ ಬೇರೆ.

ಇದರಲ್ಲೂ ಒಂದು ತೊಡಕಿದೆ. ಗಾಲಿಕುರ್ಚಿಯವರು ಮೊದಲು ಹತ್ತಿದರೂ ಕೊನೆಯಲ್ಲಿ ಇಳಿಯುತ್ತಾರೆ. ದೆಹಲಿಯಲ್ಲಿ ಎಲ್ಲರೂ ಹೋದ ಮೇಲೆ ಸಿಬ್ಬಂದಿ ಬರುವವರೆಗೆ ಸೀಟಿನಲ್ಲೇ ಕಾಯಬೇಕು, ಅದು ಹತ್ತು ನಿಮಿಷವಾಗಬಹುದು, ಅರ್ಧ ಗಂಟೆಯೂ ಆಗಬಹುದು. ನಿಲ್ದಾಣದ ಹೊರಗೆ ಕಾಯುವ ನಿಮ್ಮ ತಮ್ಮನವರಿಗೆ ಇದನ್ನು ಮೊದಲೇ ತಿಳಿಸಿ. ಇನ್ನೊಂದು ಸಂಗತಿ: ಅವರ ಮೊಣಕಾಲಿನಲ್ಲಿರುವ ಲೋಹದ ಕೀಲು ಭದ್ರತಾ ತಪಾಸಣೆಯ ಚೌಕಟ್ಟಿನಲ್ಲಿ ಸದ್ದು ಮಾಡುವ ಸಾಧ್ಯತೆ ಹೆಚ್ಚು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಪತ್ರ ಕೈಯಲ್ಲಿದ್ದರೆ ಮಹಿಳಾ ಸಿಬ್ಬಂದಿ ಪ್ರತ್ಯೇಕವಾಗಿ ಪರೀಕ್ಷಿಸುವಾಗ ವಿವರಿಸುವುದು ಸುಲಭವಾಗುತ್ತದೆ. ಅಲ್ಲಿ ತಗಲುವ ಸಮಯವನ್ನು ಗೇಟಿನ ಆದ್ಯತೆ ಕಡಿಮೆ ಮಾಡುವುದಿಲ್ಲ. ಎಷ್ಟೋ ಜನ ಬೇಗ ಹತ್ತುವ ಹಣವನ್ನು ಕಟ್ಟಿ, ಭದ್ರತೆಯ ಸಾಲಿನಲ್ಲೂ ತಮ್ಮನ್ನು ಮುಂದೆ ಬಿಡಬೇಕೆಂದು ವಾದಿಸುತ್ತಾರೆ. ಅದು ಬೇರೆಯದೇ ಸೌಲಭ್ಯ, ಕೆಲವು ಕಡೆ ಮಾತ್ರ ಬೇರೆಯಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ ಡಿಜಿಯಾತ್ರಾ ವ್ಯವಸ್ಥೆಯಿದೆ. ಮುಖ ಗುರುತಿನಿಂದ ಒಳಗೆ ಬಿಡುವ ಈ ಸಾಲು ಉಚಿತ, ಕಡ್ಡಾಯವಲ್ಲ, ಪ್ರವೇಶದ್ವಾರದಲ್ಲಿ ಕಾಯುವುದನ್ನು ಸಾಕಷ್ಟು ಕಡಿಮೆ ಮಾಡುತ್ತದೆ.

ಮೊಮ್ಮಗಳು ಬೇರೆ ಸಾಲಿನಲ್ಲಿ ಒಬ್ಬಳೇ ಕೂರಬೇಕಾದೀತೆಂಬ ಚಿಂತೆ ಬೇಡ. 12 ವರ್ಷದವರೆಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್‌ನಲ್ಲಿರುವ ತಂದೆತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಿಯೇ ಸೀಟು ಕೊಡಬೇಕೆಂದು ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ಸೂಚಿಸಿದೆ. ಆದ್ದರಿಂದ ನಾಲ್ವರ ಟಿಕೆಟನ್ನೂ ಒಂದೇ ಪಿಎನ್‌ಆರ್‌ನಲ್ಲಿ ತೆಗೆಯಿರಿ. ನಾಲ್ವರೂ ಒಟ್ಟಿಗೇ ಕೂರಬೇಕೆಂದಾದರೆ ಸೀಟು ಆಯ್ಕೆಗೆ ಹಣ ಕೊಡಬೇಕಾಗಬಹುದು; ಆ ಖರ್ಚನ್ನು ನಾನು ವ್ಯರ್ಥ ಎನ್ನುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ, ₹3,200ರ ಒಂದು ಭಾಗವನ್ನು ತಾಯಿಯವರಿಗೆ ಮುಂಭಾಗದ ಓಣಿ ಬದಿಯ ಸೀಟಿಗೆ ಕೊಟ್ಟು, ಉಳಿದದ್ದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಕಾಲನ್ನು ಚಾಚಲು, ಶೌಚಾಲಯಕ್ಕೆ ಎದ್ದು ಹೋಗಲು ಆ ಸೀಟು ಎರಡೂಮುಕ್ಕಾಲು ಗಂಟೆಯ ಹಾರಾಟದುದ್ದಕ್ಕೂ ನೆರವಾಗುತ್ತದೆ. ಬೇಗ ಹತ್ತಿದ್ದರ ಫಲ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಹೋದ ವರ್ಷ ನಿಮ್ಮ ಬ್ಯಾಗಿಗೆ ಆದದ್ದು ಮಾತ್ರ ಮತ್ತೆ ಆಗಬಾರದು, ಆದರೆ ಅದನ್ನು ತಡೆಯುವ ದಾರಿ ಬೇರೆಯಿದೆ. ಮದುವೆಯ ಮನೆಗೆ ಹೋಗುವವರು ನೀವು. ಕೊಡವ ಉಡುಪಿನ ಕುಪ್ಯ, ಚೇಲೆ, ಸೀರೆಗಳ ಜೊತೆ ಪೀಚೆಕತ್ತಿಯೂ ಇರುತ್ತದೆಯಲ್ಲವೇ? ಬೆಳ್ಳಿಯ ಹಿಡಿಯ ಅಲಂಕಾರದ್ದಾದರೂ ಅದು ಕತ್ತಿಯೇ. ಕೈಚೀಲದಲ್ಲಿದ್ದರೆ ಭದ್ರತೆಯಲ್ಲಿ ತಡೆಯುತ್ತಾರೆ, ಆಗ ಮನೆತನದ ಆ ವಸ್ತುವನ್ನು ಅಲ್ಲೇ ಬಿಟ್ಟು ಹೋಗುವ ಅಥವಾ ಮತ್ತೆ ಹೊರಗೆ ಓಡುವ ಪರಿಸ್ಥಿತಿ ಬರುತ್ತದೆ. ಅದು ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿ, ನಡುವೆ ಇರಬೇಕು. ಜೇನುತುಪ್ಪ, ಕಾಚಂಪುಳಿ ಎಂಬ ಹುಳಿರಸದ ಬಾಟಲಿಗಳೂ ಅಲ್ಲಿಗೇ. ಅಂದಮೇಲೆ ನೀವು ಹೇಗಿದ್ದರೂ ಒಂದಾದರೂ ಪೆಟ್ಟಿಗೆಯನ್ನು ಕೆಳಗೆ ಹಾಕಲೇಬೇಕು, ಇಳಿದ ಮೇಲೆ ಬೆಲ್ಟ್ ಹತ್ತಿರ ಕಾಯಲೇಬೇಕು. ಹಾಗಿರುವಾಗ ಇನ್ನೊಂದು ಬ್ಯಾಗನ್ನು ಮೇಲಿನ ಖಾನೆಯಲ್ಲಿಡಲು ನಾಲ್ಕು ಆದ್ಯತೆಗಳನ್ನು ಕೊಳ್ಳುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. ಭಾರದ್ದೆಲ್ಲವನ್ನೂ ಕೆಳಗೆ ಹಾಕಿ, ಮುಂದಿನ ಸೀಟಿನ ಅಡಿಯಲ್ಲಿ ಹಿಡಿಸುವಂತಹ ಮೆತ್ತನೆಯ ಚಿಕ್ಕ ಚೀಲವೊಂದನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳಿ. ತಾಯಿಯವರ ಮಾತ್ರೆಗಳು, ವೈದ್ಯರ ಪತ್ರ, ಗುರುತಿನ ಚೀಟಿಗಳು, ಒಡವೆ, ಪವರ್ ಬ್ಯಾಂಕ್ ಅದರಲ್ಲಿರಲಿ. ಸೀಟಿನ ಅಡಿಯ ಚೀಲವನ್ನು ಜಾಗವಿಲ್ಲವೆಂದು ಯಾರೂ ಕಸಿದುಕೊಳ್ಳುವುದಿಲ್ಲ.

ಎಂದಾದರೂ ಗೇಟಿನಲ್ಲಿ ಬ್ಯಾಗನ್ನು ಕೆಳಗೆ ಹಾಕುತ್ತೇವೆ ಎಂದು ಹೇಳಿದರೆ ಗಾಬರಿಯಾಗದೆ, ಒಂದು ನಿಮಿಷ ಕೊಡಿ ಎಂದು ಕೇಳಿ ಮಾತ್ರೆ, ಒಡವೆ ಮತ್ತು ಪವರ್ ಬ್ಯಾಂಕನ್ನು ಹೊರತೆಗೆಯಿರಿ. ಬೆಂಕಿಯ ಅಪಾಯವಿರುವುದರಿಂದ ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೆಳಗಿನ ಸಾಮಾನಿನಲ್ಲಿ ಇರಲೇಬಾರದು. ಹೋದ ವರ್ಷ ನಿಮಗೆ ಆ ನಿಮಿಷವನ್ನು ಕೊಡದಿದ್ದದ್ದು ಸಿಬ್ಬಂದಿಯ ತಪ್ಪು, ನಿಮ್ಮದಲ್ಲ.

ಇಳಿದ ಮೇಲೆ ಪೆಟ್ಟಿಗೆ ಬೇಗ ಬರುವ ವಿಷಯದಲ್ಲಿ ಒಂದು ಮಾತು. ಕೆಲವು ಸಂಸ್ಥೆಗಳು ಆದ್ಯತೆಯ ಹತ್ತುವಿಕೆಯ ಜೊತೆಗೆ ಬೇಗ ಚೆಕ್-ಇನ್ ಮಾಡಿಸಿಕೊಳ್ಳುವುದನ್ನೂ ಪೆಟ್ಟಿಗೆಗೆ ಆದ್ಯತೆಯ ಚೀಟಿಯನ್ನೂ ಸೇರಿಸಿ ಒಂದೇ ಕಟ್ಟಾಗಿ ಮಾರುತ್ತವೆ. ಇಂಡಿಗೋದ ಫಾಸ್ಟ್ ಫಾರ್ವರ್ಡ್ ಈ ಬಗೆಯದು. ಬರೀ ಹತ್ತುವ ಸರದಿಗಿಂತ ಇದು ಮೇಲು. ಚೀಟಿ ಇರುವ ಪೆಟ್ಟಿಗೆಗಳನ್ನು ಕೊನೆಗೆ ತುಂಬಿ ಮೊದಲು ಇಳಿಸಬೇಕು. ಆದರೆ ಮಳೆ ಸುರಿಯುತ್ತಿರುವಾಗ, ಮುಂದಿನ ಹಾರಾಟಕ್ಕೆ ಅರ್ಧ ಗಂಟೆಯೂ ಇಲ್ಲದಿರುವಾಗ, ಲೋಡರ್‌ಗಳು ಚೀಟಿ ನೋಡದೆ ಕೈಗೆ ಸಿಕ್ಕ ಪೆಟ್ಟಿಗೆಯನ್ನು ಎಳೆದುಹಾಕುವುದನ್ನು ನಾನು ಕಂಡಿದ್ದೇನೆ. ಅದು ಖಾತರಿಯಲ್ಲ, ಸಾಧ್ಯತೆ ಮಾತ್ರ.

ಹಾಗಾದರೆ ಯಾರಿಗೂ ಇದು ಬೇಡವೇ ಎಂದರೆ, ಹಾಗೆ ಹೇಳಲಾರೆ. ನೀವು ಒಬ್ಬರೇ ಒಂದು ದಿನದ ಕೆಲಸಕ್ಕೆ ದೆಹಲಿಗೆ ಹೋಗಿ ಸಂಜೆ ಮರಳುವವರಾಗಿದ್ದು, ಕೈಯಲ್ಲಿ ಒಂದೇ ಬ್ಯಾಗ್ ಇದ್ದು, ಬೆಂಗಳೂರಿನಲ್ಲಿ ಇಳಿದೊಡನೆ ಕೊಡಗಿನ ಕಡೆಯ ರಾತ್ರಿ ಬಸ್ಸು ಹಿಡಿಯಬೇಕಾಗಿದ್ದರೆ, ₹400 ಕೊಡಿ. ಆ ಬ್ಯಾಗ್ ಕೆಳಗೆ ಹೋದರೆ ಬಸ್ಸು ತಪ್ಪಿ ಒಂದು ರಾತ್ರಿಯ ವಸತಿಯ ಖರ್ಚು ಬೀಳುತ್ತದೆ. ಒಡೆಯುವ ಉಪಕರಣ, ಕ್ಯಾಮೆರಾ, ವಾದ್ಯ ಒಯ್ಯುವವರಿಗೂ ಇದೇ ಮಾತು. ಹಾಗೆ ಹತ್ತಿದಾಗ ಬ್ಯಾಗನ್ನು ನಿಮ್ಮ ಸಾಲಿನ ಮೇಲೆಯೇ ಅಥವಾ ಅದಕ್ಕಿಂತ ಮುಂದೆಯೇ ಇಡಿ. ಹಿಂದೆ ಇಟ್ಟರೆ ಇಳಿಯುವಾಗ ಜನರ ಎದುರು ನಡೆದು ಹೋಗಲಾಗದೆ ಕೊನೆಯವರೆಗೆ ಕಾಯಬೇಕಾಗುತ್ತದೆ. ಹಣ ಕೊಟ್ಟವರು ಗೇಟಿನ ಹತ್ತಿರವೇ ಇರಬೇಕು. ದೊಡ್ಡ ನಿಲ್ದಾಣಗಳಲ್ಲಿ ಧ್ವನಿವರ್ಧಕದ ಕರೆಗಳು ಬಹಳ ಕಡಿಮೆಯಾಗಿವೆ, ಕಾಫಿ ಕುಡಿಯುತ್ತ ಕುಳಿತರೆ ನಿಮ್ಮ ಸರದಿ ಸದ್ದಿಲ್ಲದೆ ಮುಗಿದಿರುತ್ತದೆ.

ವಿರಾಜಪೇಟೆಯಿಂದ ಮಾಕುಟ್ಟ ಘಾಟಿಯ ಮೂಲಕ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ, 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣವನ್ನು ಬಳಸುವವರೂ ನಮ್ಮಲ್ಲಿ ಬಹಳ ಜನರಿದ್ದಾರೆ. ಅಲ್ಲಿಂದ ಅಥವಾ ಮೈಸೂರಿನಿಂದ ಎಟಿಆರ್ 72 ಎಂಬ ಪಂಖದ ಸಣ್ಣ ವಿಮಾನದಲ್ಲಿ ಹೋಗುವುದಾದರೆ ಲೆಕ್ಕ ಮತ್ತೆ ಬೇರೆ. ಅದರ ಖಾನೆಗಳು ಎಷ್ಟು ಚಿಕ್ಕವೆಂದರೆ ಚಕ್ರದ ಗಟ್ಟಿ ಪೆಟ್ಟಿಗೆಯನ್ನು ಮೊದಲು ಹತ್ತಿದವರಿಗೂ ಇಡಲಾಗದೆ, ಏಣಿಯ ಬಳಿ ಒಪ್ಪಿಸಿ ಹೋಗಬೇಕಾಗುತ್ತದೆ. ಪ್ರಯಾಣಿಕರ ಬಾಗಿಲು ಹಿಂಭಾಗದಲ್ಲಿದೆ. ಆ ವಿಮಾನದಲ್ಲಿ ಬೇಗ ಹತ್ತಲು ಹಣ ಕೊಡುವುದಕ್ಕೆ ನನಗೆ ಯಾವ ಕಾರಣವೂ ತೋರುವುದಿಲ್ಲ.

ಇಂಥ ಹೆಚ್ಚುವರಿ ಸೇವೆಗಳನ್ನು ಪ್ರಯಾಣಿಕ ತಾನಾಗಿ ಆರಿಸಿಕೊಂಡರೆ ಮಾತ್ರ ಸೇರಿಸಬೇಕೆಂಬುದು ಡಿಜಿಸಿಎಯ ನಿಲುವು. ಆದರೂ ಹಣ ಕಟ್ಟುವ ಮುನ್ನ ಮೊತ್ತದ ವಿವರವನ್ನು ತೆರೆದು ಒಂದೊಂದೇ ಸಾಲು ನೋಡಿ. ಬೇಡದ್ದು ಸೇರಿದ್ದರೆ ಅಲ್ಲೇ ತೆಗೆಯಿರಿ.

ಕೊನೆಯದಾಗಿ, ನಮ್ಮ ಜಿಲ್ಲೆಯವರಿಗೆ ವಿಮಾನ ತಪ್ಪುವುದು ಗೇಟಿನಲ್ಲಲ್ಲ, ರಸ್ತೆಯಲ್ಲಿ. ಸಾಮಾನು ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲು, ಗೇಟ್ 25 ನಿಮಿಷ ಮೊದಲು ಮುಚ್ಚುತ್ತದೆ. ಆದ್ಯತೆಯ ಚೀಟಿ ಇದ್ದರೂ ಈ ಎರಡು ಗಡುವುಗಳು ಒಂದು ನಿಮಿಷವೂ ಸಡಿಲವಾಗುವುದಿಲ್ಲ. ಪೊನ್ನಂಪೇಟೆಯಿಂದ ಗೋಣಿಕೊಪ್ಪ, ಹುಣಸೂರು, ಮೈಸೂರು ದಾಟಿ ದೇವನಹಳ್ಳಿಯ ಕಡೆಗೆ ಹೋಗುವಷ್ಟರಲ್ಲಿ ಆರೂವರೆ ಗಂಟೆ ಹಿಡಿಯುತ್ತದೆ. ತಿತಿಮತಿಯ ಬಳಿ ಆನೆ ರಸ್ತೆಗಿಳಿದರೆ ಅಲ್ಲೇ ಅರ್ಧ ಗಂಟೆ ಹೋಗುತ್ತದೆ, ಬೆಂಗಳೂರಿನೊಳಗಿನ ವಾಹನ ದಟ್ಟಣೆ ಬೇರೆ. ನಿಮ್ಮದು ಮಧ್ಯಾಹ್ನ 2 ಗಂಟೆಯ ವಿಮಾನವಾದರೆ ಬೆಳಗಿನ ಜಾವ 4ಕ್ಕೆ ಮನೆ ಬಿಡಿ. ತಾಯಿಯವರು ದಾರಿಯಲ್ಲಿ ಎರಡು ಕಡೆ ಇಳಿದು ಕಾಲಾಡಿಸಲಿ, ಮೈಸೂರಿನಲ್ಲಿ ತಿಂಡಿ ಮಾಡಿ. 48 ಗಂಟೆ ಮೊದಲು ಗಾಲಿಕುರ್ಚಿಗೆ ಫೋನ್ ಮಾಡುವುದನ್ನು ಮಾತ್ರ ಮರೆಯಬೇಡಿ, ಆ ಕರೆಯನ್ನು ಇಂದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.